ಕೋಡಿಲ್ಲದ ಕುಶಲಕರ್ಮಿ

ಬೆಂಗಳೂರಿನ ಬಸವನಗುಡಿಯಲ್ಲಿ ಒಬ್ಬ ಗೃಹಿಣಿ ಇದ್ದಾಳೆಂದು ಇಟ್ಟುಕೊಳ್ಳಬಹುದು. ಬಸವನಗುಡಿಯೇ ಆಗಬೇಕೆಂದೇನೂ ಇಲ್ಲ. ಮೈಸೂರಿನ ಅಗ್ರಹಾರದಲ್ಲಿಯೋ ಹುಬ್ಬಳ್ಳಿಯ ವಿದ್ಯಾನಗರದಲ್ಲಿಯೋ ಧಾರಾಳವಾಗಿ ಕಾಣಸಿಗುವಂಥವಳು ಆಕೆ. ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ಮಧ್ಯಾಹ್ನದ ಹೊತ್ತು ಸುಮ್ಮನೆ ಕುಳಿತಿರಲಾರದೆ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ಮಾಡಿ ನೆರೆಹೊರೆಗೆ ಮಾರತೊಡಗಿದಳು. ಕೈರುಚಿ ಚೆನ್ನಾಗಿತ್ತು, ಗಿರಾಕಿಗಳು ಬೆಳೆದರು. ಲೆಕ್ಕವೆಲ್ಲ ಮೊದಲು ಒಂದು ನೋಟ್‌ಪುಸ್ತಕದಲ್ಲಿತ್ತು. ಆಮೇಲೆ ವಾಟ್ಸಾಪಿಗೆ ಬಂದಿತು. ಅಕ್ಕನ ಮಗ ರಜೆಗೆ ಬಂದಾಗ ಎಕ್ಸೆಲ್ ಹಾಳೆಯೊಂದನ್ನು ಹಾಕಿಕೊಟ್ಟು ಹೋದ. ಈಗ ಮೂರರಲ್ಲಿಯೂ ಚೂರು ಚೂರು ಇದೆ. ಗೌರಿಹಬ್ಬದ ವಾರದಲ್ಲಿ ಜಯನಗರಕ್ಕೆ ಹೋಗಬೇಕಾದ ಪೊಟ್ಟಣ ರಾಜಾಜಿನಗರಕ್ಕೆ ಹೋಯಿತು. ಹಣ ಕೊಟ್ಟವರಿಗೆ ಪುಡಿಯಿಲ್ಲ, ಪುಡಿ ಪಡೆದವರಿಂದ ಹಣವಿಲ್ಲ ಎಂಬ ಸ್ಥಿತಿ ಒದಗಿತು.

ನಂಟರಿಷ್ಟರು ಕೊಟ್ಟ ಸಲಹೆ ಒಂದೇ: “ಒಂದು ಆ್ಯಪ್ ಮಾಡಿಸಿಬಿಡಿ.” ಮಾಡಿಸುವುದು ಯಾರ ಕೈಯಲ್ಲಿ? ವಿಚಾರಿಸಿದ ಕಂಪೆನಿಯವರು ಲಕ್ಷಗಳ ಮಾತನ್ನೂ ಆರು ತಿಂಗಳ ಗಡುವನ್ನೂ ಹೇಳಿದರು. ಅನಂತರ ಬಂದವನು ಬಗಲಲ್ಲಿ ಲ್ಯಾಪ್‌ಟಾಪು ಹಿಡಿದ ಒಬ್ಬ ಯುವಕ. “ಹತ್ತು ದಿವಸ ಕೊಡಿ ಅಮ್ಮ, ಮುಗಿಸಿಕೊಡ್ತೀನಿ. ಒಂದು ಸಾಲು ಕೋಡ್ ಬರೆಯೋ ಹಾಗಿಲ್ಲ” ಎಂದ. ಆಕೆಗೆ ಸಂತೋಷವೂ ಆಯಿತು, ಅನುಮಾನವೂ ಬಂದಿತು. ಬರೆಯದೆ ಆಗುವ ಕೆಲಸವಾದರೆ ಹಣ ಕೊಡುವುದಾದರೂ ಯಾತಕ್ಕೆ?

ಕನ್ನಡದಲ್ಲಿ ಕೋಡು ಎಂದರೆ ಕೊಂಬು. ಯಂತ್ರಕ್ಕೆ ಅಪ್ಪಣೆಗಳನ್ನು ಸಾಲುಸಾಲಾಗಿ ಬರೆಯುವ ‘ಕೋಡ್’ಗೂ ಆ ಕೋಡಿಗೂ ನಂಟಿಲ್ಲ. ಆದರೂ ಅದನ್ನು ಬರೆಯಬಲ್ಲವರಿಗೆ ಇತ್ತೀಚಿನವರೆಗೂ ತಲೆಯ ಮೇಲೆ ಎರಡು ಕೋಡು ಮೂಡಿದಂತಿದ್ದುದು ಸುಳ್ಳಲ್ಲ. ಆ ಕೋಡಿಲ್ಲದೆಯೂ ತಂತ್ರಾಂಶ ಕಟ್ಟುವವರ ಒಂದು ಹೊಸ ವರ್ಗವೇ ಈಗ ಹುಟ್ಟಿಕೊಂಡಿದೆ. ಇವರನ್ನು ನೋ-ಕೋಡ್ ಡೆವಲಪರ್‌ಗಳೆಂದೂ, ಅಲ್ಲಲ್ಲಿ ನಾಲ್ಕು ಸಾಲು ಬರೆದು ಕೆಲಸ ಪೂರೈಸುವವರನ್ನು ಲೋ-ಕೋಡ್ ಡೆವಲಪರ್‌ಗಳೆಂದೂ ಕರೆಯುತ್ತಾರೆ. ವ್ಯತ್ಯಾಸವನ್ನು ತಿಳಿಯಲು ಮನೆಯಂಗಳಕ್ಕೆ ಬಂದರೆ ಸಾಕು. ಅಂಗಡಿಯಿಂದ ತಂದ ರಂಗೋಲಿ ಅಚ್ಚನ್ನು ನೆಲದ ಮೇಲಿಟ್ಟು ಪುಡಿ ಸುರಿದು ಎತ್ತಿದರೆ ಕಮಲ ಮೂಡುತ್ತದೆ, ಇದು ನೋ-ಕೋಡ್. ಅಚ್ಚಿನಲ್ಲಿ ಇಲ್ಲದ ಒಂದು ಬಳ್ಳಿಯನ್ನು ಬೆರಳಿನಿಂದ ಎಳೆದು ಸೇರಿಸಿದರೆ ಅದು ಲೋ-ಕೋಡ್. ಚುಕ್ಕಿಯಿಟ್ಟು ಎಲ್ಲವನ್ನೂ ಕೈಯಿಂದಲೇ ಬಿಡಿಸುವುದು ಹಳೆಯ ವಿದ್ಯೆ. ಅಚ್ಚಿನ ಕಂಪೆನಿಗಳು ಪರದೇಶದಲ್ಲಿ ಹೇಗೋ ಹಾಗೆಯೇ ನಮ್ಮಲ್ಲಿಯೂ ಉಂಟು. ಚೆನ್ನೈಯ ಜೋಹೋ ಸಂಸ್ಥೆ ತನ್ನ ‘ಕ್ರಿಯೇಟರ್’ ಸಾಧನವನ್ನು 2006ರಲ್ಲಿಯೇ ಹೊರತಂದಿತು. ಬೆಂಗಳೂರಿನ ನಂಟುಳ್ಳ ಆಪ್‌ಸ್ಮಿತ್ 2019ರಲ್ಲಿ ಆರಂಭವಾಯಿತು.

ಈ ಆಸೆ ಹೊಸದಲ್ಲ. 1959ರಲ್ಲಿ ಅಮೆರಿಕದಲ್ಲಿ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯ ರಚನೆಗೆ ಕೈಹಾಕಿದಾಗಲೂ, ವ್ಯವಹಾರಸ್ಥರು ಬಳಸುವ ಸಾಮಾನ್ಯ ಇಂಗ್ಲಿಷಿಗೆ ಹತ್ತಿರವಾದ ಮಾತುಗಳಲ್ಲಿಯೇ ಯಂತ್ರಕ್ಕೆ ಅಪ್ಪಣೆ ಕೊಡಬೇಕೆಂಬುದೇ ಉದ್ದೇಶವಾಗಿತ್ತು. ಗಣಿತಜ್ಞೆ ಗ್ರೇಸ್ ಹಾಪರ್ ಅದಕ್ಕೆ ಮುಂಚೆಯೇ ರೂಪಿಸಿದ್ದ ಫ್ಲೋ-ಮ್ಯಾಟಿಕ್ ಅದಕ್ಕೆ ಮೇಲ್ಪಂಕ್ತಿಯಾಯಿತು. ಆದದ್ದೇನು? ಯಜಮಾನರು ಕೋಬಾಲ್ ಬರೆಯಲಿಲ್ಲ. ಕೋಬಾಲ್ ಬರೆಯುವವರದೇ ಒಂದು ದೊಡ್ಡ ವೃತ್ತಿ ಬೆಳೆಯಿತು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯನ್ನು ಹೊರತಂದರು. ಇಂದಿನ ಎಕ್ಸೆಲ್ಲಿಗೆ ಅದೇ ಅಜ್ಜ. ಪ್ರೋಗ್ರಾಮು ಬರೆಯಲಾರದ ಗುಮಾಸ್ತೆಯೂ ಯಂತ್ರದಿಂದ ತನ್ನ ಕೆಲಸವನ್ನು ತಾನೇ ಮಾಡಿಸಿಕೊಂಡದ್ದು ಆಗ. ‘ಲೋ-ಕೋಡ್’ ಎಂಬ ಹೆಸರನ್ನು ಫಾರೆಸ್ಟರ್ ಎಂಬ ಸಂಶೋಧನ ಸಂಸ್ಥೆ ಚಲಾವಣೆಗೆ ತಂದದ್ದು 2014ರಲ್ಲಿ. 2025ರ ಫೆಬ್ರುವರಿಯಲ್ಲಿ ಆಂದ್ರೇ ಕಾರ್ಪಥಿ ಎಂಬ ವಿಜ್ಞಾನಿ ‘ವೈಬ್ ಕೋಡಿಂಗ್’ ಎಂಬ ಇನ್ನೊಂದು ಮಾತನ್ನು ಟಂಕಿಸಿದರು: ಬೇಕಾದುದನ್ನು ಆಡುಮಾತಿನಲ್ಲಿ ಹೇಳಿದರೆ ಕೃತಕ ಬುದ್ಧಿಮತ್ತೆಯೇ ಬರೆದುಕೊಡುತ್ತದೆ. ಆದರೆ ಬೇಕಾದುದು ಏನೆಂದು ಹೇಳುವ ಹೊರೆ ಇವುಗಳಲ್ಲಿ ಯಾವುದರಿಂದಲೂ ಇಳಿದಿಲ್ಲ. ಗೃಹಿಣಿಯು ಹಣ ಕೊಡುವುದು ಯಾತಕ್ಕೆಂಬ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ.

ಆದುದರಿಂದ ಇಂಥ ಕುಶಲಕರ್ಮಿಯನ್ನು ಆರಿಸುವಾಗ ಆತ ಎಷ್ಟು ಬೇಗ ಕಟ್ಟುತ್ತಾನೆಂಬುದಕ್ಕಿಂತ ಎಷ್ಟು ಪ್ರಶ್ನೆ ಕೇಳುತ್ತಾನೆಂಬುದನ್ನು ನೋಡಬೇಕು. ಬೇಗ ಕಟ್ಟುವುದು ಸಾಧನದ ಗುಣ. ಕೇಳುವುದು ಮನುಷ್ಯನ ಗುಣ. ಮೊದಲ ದಿನವೇ ಲ್ಯಾಪ್‌ಟಾಪು ತೆರೆದು ಬಣ್ಣ ಯಾವುದಿರಲಿ ಎನ್ನುವವನಿಗಿಂತ, ಹಳೆಯ ನೋಟ್‌ಪುಸ್ತಕವನ್ನು ಕೊಡಿ ಎಂದು ಪುಟ ಮಗುಚುವವನು ಮೇಲು. ಅಂಥವನ ಮಾತಿನ ಮಾದರಿ ಹೀಗಿದ್ದೀತು:

“ಒಂದೇ ಫೋನಿಂದ ಇಬ್ಬರು ಆರ್ಡರು ಕೊಡೋದುಂಟಾ ಅಮ್ಮ?”

“ಉಂಟಲ್ಲಪ್ಪ. ನಾಲ್ಕನೇ ಮೈನಿನ ಮನೇಲಿ ಅತ್ತೆ ಸೊಸೆ ಇಬ್ಬರಿಗೂ ಅದೇ ಫೋನು. ಅತ್ತೆಗೆ ಖಾರ ಕಮ್ಮಿ, ಸೊಸೆಗೆ ಜಾಸ್ತಿ.”

“ಹಾಗಾದ್ರೆ ಫೋನ್ ನಂಬರಿನ ಮೇಲೆ ಗಿರಾಕಿ ಯಾರು ಅಂತ ಗುರುತಿಸೋ ಹಾಗಿಲ್ಲ.”

ನೋಡುವುದಕ್ಕೆ ಸಣ್ಣ ಮಾತು. ಆದರೆ ಈ ಪ್ರಶ್ನೆಯನ್ನು ಕೇಳದೆ ಕಟ್ಟಿದ್ದರೆ ಅತ್ತೆಯ ಪೊಟ್ಟಣ ಸೊಸೆಯ ಲೆಕ್ಕಕ್ಕೆ ಸೇರಿ, ಆ ಮನೆಯಲ್ಲಿ ಏನೇನಾಗುತ್ತಿತ್ತೆಂಬುದನ್ನು ಊಹಿಸುವುದು ಓದುಗರಿಗೇ ಬಿಟ್ಟದ್ದು. ಇಂಥ ನಿಯಮಗಳು ಪ್ರತಿ ವ್ಯಾಪಾರದಲ್ಲಿಯೂ ನೂರಾರು ಇರುತ್ತವೆ; ನಡೆಸುವವರ ತಲೆಯಲ್ಲಿ ಮಾತ್ರ ಇರುತ್ತವೆ. ಹಳೆಯ ಗಿರಾಕಿಗೆ ಕಡ ಉಂಟು, ಹೊಸಬರಿಗಿಲ್ಲ. ಮದುವೆ ಮನೆಗೆ ಐದು ಕಿಲೋಗೆ ಮೇಲ್ಪಟ್ಟರೆ ಬೆಲೆ ಬೇರೆ. ಏಕಾದಶಿಯ ದಿನ ಈರುಳ್ಳಿ ಬೆಳ್ಳುಳ್ಳಿಯ ಪುಡಿ ಕುಟ್ಟುವುದಿಲ್ಲ. ಇವನ್ನು ಬರೆದುಕೊಡುವ ಕೆಲಸ ಗೃಹಿಣಿಯದೇ ಹೊರತು ಯುವಕನದಲ್ಲ. ದರ್ಜಿಗೆ ಅಳತೆ ಕೊಡದೆ ರವಿಕೆ ಬಿಗಿಯಾಯಿತೆಂದು ದೂರಿದರೆ ಪ್ರಯೋಜನವೇನು?

ಕನ್ನಡದ ಮನೆಗಳಲ್ಲಿ ಇನ್ನೊಂದು ಪರೀಕ್ಷೆ ಅಗತ್ಯ. ಈ ಸಾಧನಗಳಲ್ಲಿ ಹಲವು ಪಶ್ಚಿಮ ದೇಶಗಳಲ್ಲಿ ಹುಟ್ಟಿದವು. ಅವುಗಳ ಸಿದ್ಧ ಅರ್ಜಿಯಲ್ಲಿ ಹೆಸರಿಗೊಂದು, ಕುಲನಾಮಕ್ಕೊಂದು ಚೌಕವಿದ್ದು ಎರಡನೆಯದನ್ನು ತುಂಬದೆ ಮುಂದಕ್ಕೆ ಬಿಡದಿರುವುದುಂಟು. ಹಳೆಯ ಮೈಸೂರಿನ ಕಡೆ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಒಂದೇ ಹೆಸರು, ಕುಲನಾಮವೆಲ್ಲಿಂದ ತರುವುದು? ಕೆಲವರು ಬೇಸತ್ತು ಅಲ್ಲೊಂದು ಚುಕ್ಕಿಯಿಟ್ಟು ಪಾರಾಗುತ್ತಾರೆ. ಕನ್ನಡ ಲಿಪಿಯಲ್ಲಿ ಬರೆದ ಹೆಸರುಗಳ ಕಥೆ ಇನ್ನೂ ಸೂಕ್ಷ್ಮ. ಲಕ್ಷ್ಮಿಗೆ ಹ್ರಸ್ವವನ್ನೂ ಬರೆಯುತ್ತಾರೆ, ದೀರ್ಘವನ್ನೂ ಬರೆಯುತ್ತಾರೆ. ರಾಜ್‌ಕುಮಾರ್ ಎಂಬಲ್ಲಿ ಕಕಾರವನ್ನು ಒತ್ತಾಗಿಯೂ ಬರೆಯುತ್ತಾರೆ, ಬಿಡಿಸಿಯೂ ಬರೆಯುತ್ತಾರೆ. ಬಿಡಿಸಿ ಬರೆದಾಗ ನಡುವೆ ಕಣ್ಣಿಗೆ ಕಾಣದ ಒಂದು ಸಂಜ್ಞೆ ಸೇರಿರುತ್ತದೆ. ಮನುಷ್ಯನಿಗೆ ಒಬ್ಬನೇ ಆದ ರಾಜ್‌ಕುಮಾರ್ ಯಂತ್ರಕ್ಕೆ ಇಬ್ಬರು. ಸಿದ್ಧವಾದ ಆ್ಯಪಿನಲ್ಲಿ ಇಂಥ ಹತ್ತು ಹೆಸರುಗಳನ್ನು ಬರೆದು, ಹುಡುಕಿ, ಅಕಾರಾದಿಯಾಗಿ ಜೋಡಿಸಿ ನೋಡಿದ ಹೊರತು ಕೆಲಸವನ್ನು ಒಪ್ಪಿಕೊಳ್ಳಕೂಡದು.

ಕೂಲಿಯ ವಿಚಾರವನ್ನು ಬೇಗ ಮುಗಿಸಬಹುದು. ಇಡೀ ಕೆಲಸವನ್ನು ಒಮ್ಮೆಗೇ ಗುತ್ತಿಗೆ ಕೊಡುವ ಮೊದಲು ಒಂದು ಚಿಕ್ಕ ಭಾಗವನ್ನು, ಉದಾಹರಣೆಗೆ ಆರ್ಡರು ಬರೆದುಕೊಳ್ಳುವ ಪುಟವೊಂದನ್ನೇ, ಹಣ ಕೊಟ್ಟು ಮಾಡಿಸಿ ನೋಡುವುದು ವಿವೇಕ. ಪುಕ್ಕಟೆ ಮಾದರಿ ಕೇಳುವುದು ಸಲ್ಲದು; ಒಳ್ಳೆಯ ಕೆಲಸಗಾರರು ಅದಕ್ಕೆ ಬರುವುದೂ ಇಲ್ಲ. ಉಳಿದ ಹಣವನ್ನು ಒಂದೊಂದು ಭಾಗ ಬಳಕೆಗೆ ಬಂದಂತೆ ಕೊಡುತ್ತ, ಕೊನೆಯ ಕಂತನ್ನು ಎಲ್ಲವನ್ನೂ ಒಪ್ಪಿಸಿದ ದಿನಕ್ಕೆ ಉಳಿಸಿಕೊಳ್ಳಬೇಕು. ಮುಗಿದ ಮೇಲೆ ಬರುವ ದುರಸ್ತಿಗೆ ಎಷ್ಟು ದಿನ ಹೊಣೆ, ಅನಂತರ ಗಂಟೆಗೆ ಏನು ಎಂಬುದು ಮೊದಲೇ ಕಾಗದದಲ್ಲಿರಬೇಕು.

ನಿಜವಾದ ಗಂಡಾಂತರ ಇರುವುದು ಕೂಲಿಯಲ್ಲಿ ಅಲ್ಲ, ಬೀಗದ ಕೈಯಲ್ಲಿ. ಯುವಕನಿಗೆ ಅವಸರ, ತನ್ನ ಇ-ಮೇಲ್ ವಿಳಾಸದಿಂದಲೇ ಸಾಧನದಲ್ಲಿ ಖಾತೆ ತೆರೆದು, ತನ್ನ ಕಾರ್ಡಿನಿಂದಲೇ ಮೊದಲ ತಿಂಗಳ ಬಾಡಿಗೆ ಕಟ್ಟಿ ಕೆಲಸ ಆರಂಭಿಸುತ್ತಾನೆ. ಇದರಲ್ಲಿ ಕಪಟವೇನೂ ಇರಬೇಕಾಗಿಲ್ಲ. ಆದರೆ ಆ ಕ್ಷಣದಿಂದ ಗೃಹಿಣಿಯ ಎಲ್ಲ ಗಿರಾಕಿಗಳ ಹೆಸರು, ವಿಳಾಸ, ಬಾಕಿಗಳು ಇನ್ನೊಬ್ಬರ ಹೆಸರಿನ ಮನೆಯಲ್ಲಿ ವಾಸಮಾಡತೊಡಗುತ್ತವೆ. ಮುಂದೆ ಆತನಿಗೆ ಪುಣೆಯಲ್ಲಿ ನೌಕರಿ ಸಿಕ್ಕೀತು, ಫೋನು ಬದಲಾದೀತು, ಕಾರ್ಡಿನ ಅವಧಿ ಮುಗಿದೀತು. ಒಂದು ಬೆಳಗ್ಗೆ ಆ್ಯಪ್ ತೆರೆಯದಿದ್ದರೆ, ಅದು ತನ್ನದೆಂದು ಕಂಪೆನಿಗೆ ತೋರಿಸಲು ಆಕೆಯ ಕೈಯಲ್ಲಿ ಏನಿರುತ್ತದೆ? ಗೃಹಿಣಿ ತನ್ನ ವಿಳಾಸದಿಂದ ತಾನೇ ಖಾತೆ ತೆರೆದು, ಬಾಡಿಗೆಯನ್ನು ತಾನೇ ಕಟ್ಟಿ, ಕಟ್ಟುವವನನ್ನು ಸಹಾಯಕನೆಂದು ಒಳಗೆ ಬಿಟ್ಟುಕೊಳ್ಳುವುದೇ ಸರಿಯಾದ ಕ್ರಮ. ಕೆಲಸ ಮುಗಿದ ದಿನ ಆ ಅನುಮತಿಯನ್ನು ಹಿಂತೆಗೆದುಕೊಳ್ಳಬಹುದು. ಅರ್ಧ ಗಂಟೆಯ ಕೆಲಸ. ಮಗಳೋ ಮಗನೋ ಪಕ್ಕದಲ್ಲಿ ಕುಳಿತರೆ ಸಾಕು.

ಕಾಯಿದೆಯೂ ಇಲ್ಲಿ ಮಾಲೀಕರ ಕಡೆಗೇ ಇದೆಯೆಂದು ತಿಳಿದರೆ ತಪ್ಪಾದೀತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ದೃಷ್ಟಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮು ಒಂದು ಸಾಹಿತ್ಯಕೃತಿ. (ಸಾಹಿತ್ಯದ ಅಧ್ಯಾಪಕರು ಈ ಮಾತಿಗೆ ಮೀಸೆಯಲ್ಲಿ ನಕ್ಕಾರು, ಕಾಯಿದೆ ನಗುವುದಿಲ್ಲ.) ಸಂಬಳದ ನೌಕರ ತನ್ನ ಕೆಲಸದ ಅಂಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಯಜಮಾನನೇ ಮೊದಲ ಸ್ವಾಮಿ. ಆದರೆ ಹೊರಗಿನಿಂದ ಬಂದು ಗುತ್ತಿಗೆಯಲ್ಲಿ ಬರೆದುಕೊಟ್ಟವನ ಕೃತಿಗೆ ಸಾಮಾನ್ಯವಾಗಿ ಆತನೇ ಸ್ವಾಮಿ. ಹಣ ಕೊಟ್ಟ ಮಾತ್ರಕ್ಕೆ ಸ್ವಾಮ್ಯ ಬರುವುದಿಲ್ಲ. ಅದನ್ನು ವರ್ಗಾಯಿಸುವ ಪತ್ರ ಬರಹದಲ್ಲಿರಬೇಕು, ಸಹಿಯಾಗಿರಬೇಕು. ಎಷ್ಟು ಕಾಲಕ್ಕೆಂದು ಅದರಲ್ಲಿ ಹೇಳದಿದ್ದರೆ 5 ವರ್ಷವೆಂದೂ, ಯಾವ ಪ್ರದೇಶಕ್ಕೆಂದು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ 19ನೆಯ ವಿಧಿ ಭಾವಿಸುತ್ತದೆ. ಪುಡಿಯ ಪೊಟ್ಟಣಗಳು ಅಮೆರಿಕದ ಮಕ್ಕಳ ಮನೆಗೂ ಹೋಗುವ ಈ ಕಾಲದಲ್ಲಿ ಎರಡು ಸಾಲು ಹೆಚ್ಚಾಗಿ ಬರೆಸಿಕೊಳ್ಳುವುದರಿಂದ ನಷ್ಟವಿಲ್ಲ.

ಹೀಗೆ ಬರೆಸಿಕೊಂಡರೂ ಅಚ್ಚು ಮಾತ್ರ ಅಚ್ಚಿನ ಕಂಪೆನಿಯದೇ. ನೋ-ಕೋಡ್ ಸಾಧನದಲ್ಲಿ ಕಟ್ಟಿದ ಆ್ಯಪ್ ಬಾಡಿಗೆ ನೆಲದ ಮೇಲಿನ ಮನೆ. ಗೂಗಲ್ಲಿನಂಥ ಶ್ರೀಮಂತ ಸಂಸ್ಥೆ ಕೂಡ ತನ್ನ ‘ಆಪ್ ಮೇಕರ್’ ಎಂಬ ಸಾಧನವನ್ನು ಮುಚ್ಚುವುದಾಗಿ 2020ರ ಜನವರಿಯಲ್ಲಿ ಸಾರಿ, 2021ರ ಜನವರಿ 19ರಂದು ಮುಚ್ಚಿಬಿಟ್ಟಿತು. ಅದರಲ್ಲಿ ಕಟ್ಟಿದ್ದನ್ನು ನೇರವಾಗಿ ಇನ್ನೊಂದೆಡೆಗೆ ಸಾಗಿಸಲು ಬರುವುದಿಲ್ಲವೆಂದು ಸಂಸ್ಥೆಯೇ ಹೇಳಿತು. ಒಂದು ವರ್ಷದ ಒಳಗೆ ಬಳಕೆದಾರರು ಬೇರೆ ದಾರಿ ಹುಡುಕಿಕೊಳ್ಳಬೇಕಾಯಿತು. ಮುಚ್ಚದಿದ್ದರೂ ಬಾಡಿಗೆಯ ಲೆಕ್ಕ ಬದಲಾಗಬಹುದು. ಬಬಲ್ ಎಂಬ ಹೆಸರಾಂತ ಸಾಧನವು 2023ರಲ್ಲಿ, ಯಂತ್ರ ಮಾಡಿದ ಕೆಲಸವನ್ನು ಅಳೆದು ಹಣ ಕೇಳುವ ಪದ್ಧತಿಗೆ ತಿರುಗಿದಾಗ ಬಳಕೆದಾರರಲ್ಲಿ ದೊಡ್ಡ ಗದ್ದಲವೆದ್ದಿತು; ಅದರಲ್ಲಿ ಕಟ್ಟಿದ ಆ್ಯಪನ್ನು ಎತ್ತಿಕೊಂಡು ಬೇರೆಡೆ ನಡೆಸಲು ಬರುವಂತಿರಲಿಲ್ಲ. ಕಟ್ಟಿದ್ದನ್ನು ಕೋಡಿನ ರೂಪದಲ್ಲಿ ಇಳಿಸಿಕೊಳ್ಳಲು ಬಿಡುವ ಸಾಧನಗಳೂ ಉಂಟು. ಆದುದರಿಂದ ಯಾವ ಸಾಧನವೆಂಬುದು ಯುವಕನ ಅಭ್ಯಾಸಕ್ಕೆ ಬಿಟ್ಟ ಮಾತಲ್ಲ. “ನಾಳೆ ಇದನ್ನ ಬಿಟ್ಟು ಹೋಗೋದಾದ್ರೆ ಏನೇನು ಎತ್ತಿಕೊಂಡು ಹೋಗಬಹುದಪ್ಪ?” ಎಂಬ ಒಂದು ಪ್ರಶ್ನೆಯನ್ನು ಆಕೆ ಕೇಳಲೇಬೇಕು. ಮನೆಯನ್ನಲ್ಲದಿದ್ದರೂ ಸಾಮಾನನ್ನಾದರೂ, ಎಂದರೆ ಗಿರಾಕಿಗಳ ಮತ್ತು ಬಾಕಿಯ ಪಟ್ಟಿಯನ್ನು, ತಿಂಗಳಿಗೊಮ್ಮೆ ಹಾಳೆಯಾಗಿ ಇಳಿಸಿ ತನ್ನ ಬಳಿ ಇಟ್ಟುಕೊಳ್ಳಬೇಕು.

ಸಾಧನದ ಸೂರು ಎಷ್ಟು ಎತ್ತರವೆಂಬುದನ್ನೂ ವಿಚಾರಿಸಿಕೊಳ್ಳತಕ್ಕದ್ದು. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಕೊರೊನಾ ಪರೀಕ್ಷೆಯ ಫಲಿತಾಂಶಗಳನ್ನು ಎಕ್ಸೆಲ್ಲಿನ ಒಂದು ಹಳೆಯ ಮಾದರಿಯ ಹಾಳೆಗೆ ತುಂಬುತ್ತಿತ್ತು. ಆ ಹಾಳೆಗೆ ಹಿಡಿಸುವುದು 65,536 ಸಾಲುಗಳು ಮಾತ್ರ. ಮಿಕ್ಕವು ಸದ್ದಿಲ್ಲದೆ ಉದುರಿಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ರೋಗಿಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದರು. ಪರೀಕ್ಷೆ ಮಾಡಿಸಿಕೊಂಡವರಿಗೆ ಫಲಿತಾಂಶವೇನೋ ತಿಳಿದಿತ್ತು; ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು. ಪುಡಿಯ ವ್ಯಾಪಾರ ಅಲ್ಲಿಯವರೆಗೆ ಬೆಳೆಯುವುದಾದರೆ ಸಂತೋಷವೇ. ಆದರೂ ಸೂರು ತಲೆಗೆ ತಗಲುವುದಕ್ಕೆ ಮುಂಚೆ ಎಚ್ಚರಿಕೆ ಸಿಕ್ಕುವುದೋ, ಅಥವಾ ಸದ್ದಿಲ್ಲದೆ ಉದುರುವುದೋ ಎಂಬುದನ್ನು ಕಟ್ಟುವವನು ಹೇಳಬಲ್ಲವನಾಗಿರಬೇಕು.

ಅದೇ ರೀತಿ ಕಿಟಕಿಗಳ ಮಾತು. 2021ರ ಆಗಸ್ಟಿನಲ್ಲಿ ಅಪ್‌ಗಾರ್ಡ್ ಎಂಬ ಭದ್ರತಾ ಸಂಸ್ಥೆ ಒಂದು ಸಂಗತಿಯನ್ನು ಹೊರಗೆಡವಿತು. ಮೈಕ್ರೋಸಾಫ್ಟಿನ ‘ಪವರ್ ಆ್ಯಪ್ಸ್’ ಎಂಬ ಲೋ-ಕೋಡ್ ಸಾಧನದಲ್ಲಿ ಕಟ್ಟಿದ ಜಾಲತಾಣಗಳಿಂದ 47 ಸಂಸ್ಥೆಗಳ ಸುಮಾರು 3 ಕೋಟಿ 80 ಲಕ್ಷ ದಾಖಲೆಗಳು ಯಾರು ಬೇಕಾದರೂ ಓದಬಹುದಾದಂತೆ ಬಯಲಿನಲ್ಲಿದ್ದವು. ಅವುಗಳಲ್ಲಿ ಅಮೆರಿಕದ ಕೆಲವು ರಾಜ್ಯ ಸರಕಾರಗಳೂ ದೊಡ್ಡ ಕಂಪೆನಿಗಳೂ ಸೇರಿದ್ದವು. ಕಳ್ಳರು ಕನ್ನ ಕೊರೆದದ್ದಲ್ಲ. ಪಟ್ಟಿಯನ್ನು ಯಾರು ನೋಡಬಹುದೆಂದು ನಿರ್ಬಂಧಿಸುವ ಗುಂಡಿಯೊಂದನ್ನು ಕಟ್ಟಿದವರು ಒತ್ತಿರಲಿಲ್ಲ. ಒತ್ತದಿದ್ದರೆ ತೆರೆದೇ ಇರುವಂತೆ ಆ ಸಾಧನ ಇತ್ತು. ಅನಂತರ ಮೈಕ್ರೋಸಾಫ್ಟು ಅದನ್ನು ತಿದ್ದಿ, ಮುಚ್ಚಿರುವುದನ್ನೇ ಸಹಜಸ್ಥಿತಿಯನ್ನಾಗಿ ಮಾಡಿತು. ಕೋಡ್ ಬರೆಯದವನು ಮಾಡುವ ತಪ್ಪಿನ ಜಾತಿಯೇ ಇದು: ಬರೆದುದರಲ್ಲಿ ದೋಷವಿಲ್ಲ, ಒತ್ತದೆ ಬಿಟ್ಟ ಗುಂಡಿಯಲ್ಲಿ ಇದೆ.

ಬಸವನಗುಡಿಯ ಗೃಹಿಣಿಯ ಪಟ್ಟಿಯಲ್ಲಿ ಗುಟ್ಟೇನಿದೆ ಎನ್ನಬಹುದು. ಒಂಟಿಯಾಗಿರುವ ವೃದ್ಧೆಯ ಮನೆಯ ವಿಳಾಸವಿದೆ; ಸಕ್ಕರೆ ಕಾಯಿಲೆಯೆಂದು ಬೆಲ್ಲ ಬೇಡವೆಂದವರ ಹೆಸರಿದೆ; ಮೂರು ತಿಂಗಳಿಂದ ಬಾಕಿ ಉಳಿಸಿಕೊಂಡಿರುವ ಮರ್ಯಾದಸ್ಥರ ಲೆಕ್ಕವಿದೆ. ನಮ್ಮ ಸಂಸತ್ತು 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಕಾಯಿದೆ ಮಾಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕಟ್ಟಳೆಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಯಿತು. ತಕ್ಕ ರಕ್ಷಣೆಯಿಲ್ಲದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೆ ಏರಬಹುದು. ಪುಡಿ ಮಾರುವವಳ ಮೇಲೆ ಅಷ್ಟು ಹೇರುತ್ತಾರೆಂದು ಭಯಪಡಬೇಕಾಗಿಲ್ಲ. ಆದರೆ ಮಾಹಿತಿಯನ್ನು ಸಂಗ್ರಹಿಸಿದವರೇ ಹೊಣೆಗಾರರು. ಕಟ್ಟಿದವನು ಬೇರೆಯವನೆಂಬ ಸಮಜಾಯಿಷಿ ನಡೆಯದು. ಆದುದರಿಂದ ಕಟ್ಟುವ ದಿನಗಳಲ್ಲಿ ಯುವಕನಿಗೆ ನಿಜವಾದ ಪಟ್ಟಿಯನ್ನು ಕೊಡದೆ, ಸುಳ್ಳು ಹೆಸರು ಸುಳ್ಳು ವಿಳಾಸಗಳ ಇಪ್ಪತ್ತು ಸಾಲು ಬರೆದುಕೊಟ್ಟರೆ ಸಾಕು. ಒಪ್ಪಿಸುವ ದಿನ ಬೇರೊಬ್ಬರ ಫೋನಿನಿಂದ, ಗುಪ್ತಪದವಿಲ್ಲದೆ, ಏನೇನು ಕಾಣುತ್ತದೆಂದು ತೆರೆದು ನೋಡಬೇಕು.

ಇಷ್ಟೆಲ್ಲ ಓದಿದ ಮೇಲೆ ಈ ಯುವಕರ ಮೇಲೆ ಅವಿಶ್ವಾಸ ಮೂಡಿದರೆ ಅದು ಅನ್ಯಾಯ. ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಓದದ ವಾಣಿಜ್ಯ ಪದವೀಧರರೂ, ಮಗು ಹುಟ್ಟಿದ ಮೇಲೆ ನೌಕರಿ ಬಿಟ್ಟ ತರುಣಿಯರೂ ಈ ವಿದ್ಯೆಯಿಂದ ಗೌರವವಾಗಿ ಸಂಪಾದಿಸಬಲ್ಲರು. ಅವರಿಗೆ ಎದುರಾಗುವ ಕಷ್ಟವೂ ಸಣ್ಣದಲ್ಲ. “ಇಷ್ಟಕ್ಕೆ ಇಷ್ಟೊಂದು ದುಡ್ಡೇನಪ್ಪ? ಬರೀ ಎಳೆದು ಇಟ್ಟದ್ದು ತಾನೆ?” ಎಂದು ಕೇಳುವ ಗಿರಾಕಿಗಳು, ಮುಗಿದ ಮೇಲೆ “ಹಾಗೇ ಇದೊಂದು ಸೇರಿಸಿಬಿಡು” ಎನ್ನುವವರು. ಹೋಳಿಗೆಗೆ ಮೈದಾ, ಬೇಳೆ, ಬೆಲ್ಲದ ಬೆಲೆ ಮಾತ್ರ ಕೊಡುತ್ತೇನೆಂದರೆ ಆ ಗೃಹಿಣಿ ಒಪ್ಪುವಳೆ? ಹೊಸದಾಗಿ ಸೇರಿಸುವುದಕ್ಕೆ ಹೊಸ ಕೂಲಿ ಎಂಬುದನ್ನು ಕರಾರಿನಲ್ಲಿಯೇ ಬರೆದುಕೊಂಡರೆ ಇಬ್ಬರ ನಡುವಿನ ವಿಶ್ವಾಸ ಕೆಡದೆ ಉಳಿಯುತ್ತದೆ.

ಒಪ್ಪಿಸುವ ದಿನ ಆಕೆಯ ಕೈ ಸೇರಬೇಕಾದದ್ದು ಆ್ಯಪ್ ಒಂದೇ ಅಲ್ಲ. ಯಾವ ಪಟ್ಟಿ ಎಲ್ಲಿದೆ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ, ಯಾವ ಬಾಡಿಗೆ ಯಾವ ತಾರೀಖಿಗೆ ಎಂಬುದನ್ನು ಸರಳವಾದ ಕನ್ನಡದಲ್ಲಿ ಬರೆದ ನಾಲ್ಕು ಪುಟಗಳು ಬೇಕು. ಆತನಲ್ಲದೆ ಇನ್ನೊಬ್ಬನು ಓದಿ ದುರಸ್ತಿ ಮಾಡುವಂತಿರಬೇಕು. ಅಂದೇ ಹಳೆಯ ನೋಟ್‌ಪುಸ್ತಕವನ್ನು ಅಟ್ಟಕ್ಕೆ ಹಾಕುವುದೂ ಬೇಡ. ಒಂದು ತಿಂಗಳು ಪುಸ್ತಕದಲ್ಲಿಯೂ ಬರೆದು, ಆ್ಯಪಿನಲ್ಲಿಯೂ ತುಂಬಿ, ದಿನವೂ ದೀಪ ಹಚ್ಚುವ ಹೊತ್ತಿಗೆ ಎರಡನ್ನೂ ತಾಳೆನೋಡಬೇಕು. ವ್ಯತ್ಯಾಸ ಬಂದಾಗಲೆಲ್ಲ ತಪ್ಪು ಯಂತ್ರದ್ದೇ ಆಗಿರುತ್ತದೆಂದು ತಿಳಿಯಬೇಕಾಗಿಲ್ಲ. ಪುಸ್ತಕದಲ್ಲಿ ಬರೆಯಲು ಮರೆತ ಪೊಟ್ಟಣಗಳೂ ಆಗ ಹೊರಬಂದಾವು.

ಈ ತಾಳೆನೋಡುವ ತಿಂಗಳಿಗೆ ಆಷಾಢವೇ ಪ್ರಶಸ್ತ. ಆಷಾಢದಲ್ಲಿ ಹೊಸ ಕೆಲಸವೇ ಎಂದು ಮನೆಯ ಹಿರಿಯರು ಹುಬ್ಬು ಗಂಟಿಕ್ಕಿಯಾರು. ಆದರೆ ಆ ತಿಂಗಳು ಮದುವೆಗಳಿಲ್ಲ, ಪುಡಿಗೆ ದೊಡ್ಡ ಆರ್ಡರುಗಳಿಲ್ಲ. ತಪ್ಪಾದರೂ ತಿದ್ದಿಕೊಳ್ಳಲು ಬಿಡುವುಂಟು. ಶ್ರಾವಣ ಕಾಲಿಟ್ಟಿತೆಂದರೆ ವರಮಹಾಲಕ್ಷ್ಮಿ, ಅದರ ಬೆನ್ನಿಗೇ ಗೌರಿ. ಆಗ ಜಯನಗರದ ಪೊಟ್ಟಣ ಜಯನಗರಕ್ಕೇ ಹೋಗಬೇಕು.